ವಿಕ್ರೋಳಿಯ ಉಕ್ಕಿನ ಪೆಟ್ಟಿಗೆ

ಮುಂಬಯಿಯ ಮಧ್ಯ ರೈಲುಮಾರ್ಗದಲ್ಲಿ ಘಾಟಕೋಪರವನ್ನು ದಾಟಿದ ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತವನಿಗೆ, ಅದುವರೆಗೆ ಒಂದರ ಮೈಗೊಂದು ಆತುಕೊಂಡು ಬಂದ ಕಟ್ಟಡಗಳ ಸಾಲು ತುಸು ಸಡಿಲಗೊಂಡು, ಮರಗಳ ಹಸುರೂ ಕಾರ್ಖಾನೆಯ ನೀಳವಾದ ಮಾಡುಗಳೂ ಕಣ್ಣಿಗೆ ಬೀಳುವ ಒಂದು ಸ್ಥಳವಿದೆ. ಅದು ವಿಕ್ರೋಳಿ. ಬೀಗಕ್ಕೂ ತಿಜೋರಿಗೂ ಬೀರುವಿಗೂ ಮನೆಮಾತಾದ ಗೋದ್ರೆಜ್ ಸಂಸ್ಥೆಯವರು ಕಳೆದ ಶತಮಾನದ ನಲವತ್ತರ ದಶಕದಲ್ಲಿ ಇಲ್ಲಿ ವಿಶಾಲವಾದ ಭೂಮಿಯನ್ನು ಕೊಂಡು ಪಿರೋಜ್‌ಶಾನಗರವೆಂಬ ಕಾರ್ಖಾನೆಯೂರನ್ನು ಕಟ್ಟಿದ ಸಂಗತಿ ಮುಂಬಯಿಗರಿಗೆಲ್ಲ ತಿಳಿದದ್ದೇ. ಆದರೆ ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಗೆಂದು ತಯಾರಾದ ಉಕ್ಕಿನ ಮತಪೆಟ್ಟಿಗೆಗಳಲ್ಲಿ 12 ಲಕ್ಷಕ್ಕೂ ಮೀರಿದವು 1951ರಲ್ಲಿ ಈ ವಿಕ್ರೋಳಿಯಲ್ಲಿಯೇ ರೂಪುಗೊಂಡು, ಇಲ್ಲಿಂದಲೇ ರೈಲುಗಾಡಿಗಳಲ್ಲಿ ದೇಶದ ದಿಕ್ಕುದಿಕ್ಕಿಗೆ ಹೊರಟವೆಂಬುದನ್ನು ಈ ಮಾರ್ಗದಲ್ಲಿ ದಿನವೂ ಓಡಾಡುವವರೂ ಅಷ್ಟಾಗಿ ಅರಿಯರು. ಪೆಟ್ಟಿಗೆಯೊಂದಕ್ಕೆ ಗೊತ್ತಾದ ಬೆಲೆ 5 ರೂಪಾಯಿ. ಹೊರಗಿನಿಂದ ಬೀಗ ಹಾಕುವ ಏರ್ಪಾಡು ಆ ಬೆಲೆಗೆ ಹೊಂದದೆ ಹೋದಾಗ, ಕಾರ್ಖಾನೆಯ ಕೆಲಸಗಾರನೊಬ್ಬನೇ ಒಳಗಿನಿಂದ ಕಚ್ಚಿಕೊಳ್ಳುವ ಅಗುಳಿಯ ಉಪಾಯವನ್ನು ಕಂಡುಹಿಡಿದನೆಂದು ಆ ಸಂಸ್ಥೆಯ ಇತಿಹಾಸದಲ್ಲಿ ಹೇಳಿಕೊಳ್ಳುತ್ತಾರೆ.

ರಾಜ್ಯಶಾಸ್ತ್ರದ ವಿದ್ವಾಂಸರು ಕಳೆದ ಎಪ್ಪತ್ತೈದು ವರ್ಷಗಳಲ್ಲಿ ಭಾರತದ ಪ್ರಜಾಪ್ರಭುತ್ವವನ್ನು ಕುರಿತು ಬರೆದಿರುವುದನ್ನೆಲ್ಲ ಒಂದು ಕಡೆ ಪೇರಿಸಿಟ್ಟರೆ ಒಂದು ಗ್ರಂಥಾಲಯವೇ ಆದೀತು. ಅದನ್ನೆಲ್ಲ ಓದಿ ಮುಗಿಸಿದೆನೆಂಬ ಹೆಮ್ಮೆ ನನಗಿಲ್ಲ. ಓದಿದ ಮಟ್ಟಿಗೆ ನನಗೆ ಕಂಡದ್ದನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ. ಆ ಪೆಟ್ಟಿಗೆಯ ಸೀಳಿನೊಳಗೆ ಬೀಳುವಾಗ ಸಿರಿವಂತನ ಚೀಟಿಗೂ ಕೂಲಿಯವನ ಚೀಟಿಗೂ ತೂಕದಲ್ಲಿ ಗುಲಗಂಜಿಯಷ್ಟೂ ಭೇದವಿಲ್ಲ. ಭೇದವೆಲ್ಲ ಇರುವುದು ಪೆಟ್ಟಿಗೆಯ ಬಳಿಗೆ ಬರುವ ದಾರಿಯಲ್ಲಿ, ಮತ್ತು ಪೆಟ್ಟಿಗೆಯನ್ನು ಬಿಟ್ಟು ಹೊರಡುವ ದಾರಿಯಲ್ಲಿ. ವಿದ್ವಾಂಸರು ಬಹುಕಾಲ ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದು, ಈಚೆಗಷ್ಟೇ ಆ ಎರಡು ದಾರಿಗಳತ್ತ ಕಣ್ಣು ಹೊರಳಿಸಿದ್ದಾರೆ.

ಮೊದಲು ಅವರ ಸಂಶಯದ ಮಾತು. ಒಂದೇ ಭಾಷೆಯನ್ನು ಓದದ, ಒಂದೇ ಭಾಷೆಯನ್ನು ಆಡದ ಜನರಲ್ಲಿ ಪ್ರಾತಿನಿಧಿಕ ಸರಕಾರವು ನೆಲೆಗೊಳ್ಳುವುದು ಅಸಂಭವಪ್ರಾಯವೆಂದು ಜಾನ್ ಸ್ಟುವರ್ಟ್ ಮಿಲ್ 1861ರಷ್ಟು ಹಿಂದೆಯೇ ಅಭಿಪ್ರಾಯಪಟ್ಟಿದ್ದನು. 1959ರಲ್ಲಿ ಅಮೆರಿಕದ ಸೆಮೂರ್ ಮಾರ್ಟಿನ್ ಲಿಪ್ಸೆಟ್ ಸಂಪತ್ತಿಗೂ ಪ್ರಜಾಪ್ರಭುತ್ವಕ್ಕೂ ಇರುವ ನಂಟನ್ನು ಅಂಕಿಅಂಶಗಳಿಂದ ಪ್ರತಿಪಾದಿಸಿದನು. ಮರುವರ್ಷವೇ ಸೆಲಿಗ್ ಹ್ಯಾರಿಸನ್ ಭಾರತದ ಮುಂದಿರುವುದು ಅತ್ಯಂತ ಅಪಾಯಕಾರಿಯಾದ ದಶಕಗಳೆಂದು ಭವಿಷ್ಯ ನುಡಿದನು. ಈ ಮೂವರ ತರ್ಕವನ್ನು ಒಪ್ಪಿದ್ದೇ ಆದರೆ, ಬಡತನದಲ್ಲಿ ಬೆಂದು, ಹತ್ತಾರು ಭಾಷೆಗಳಲ್ಲಿ ಮಾತನಾಡುತ್ತ, ನೂರಕ್ಕೆ 80ಕ್ಕೂ ಮೀರಿದ ನಿರಕ್ಷರಸ್ಥರನ್ನು ಒಡಲಲ್ಲಿ ಇಟ್ಟುಕೊಂಡಿದ್ದ ದೇಶವು 17 ಕೋಟಿಗೂ ಮೀರಿದ ಮತದಾರರನ್ನು ಒಟ್ಟಿಗೆ ಮತಗಟ್ಟೆಗೆ ಕರೆಯುವುದು ಹುಚ್ಚುತನವೆಂದೇ ತೋರಬೇಕಾಗಿತ್ತು. ಅಕ್ಷರ ಬಾರದವರಿಗಾಗಿ ಪ್ರತಿಯೊಬ್ಬ ಅಭ್ಯರ್ಥಿಗೂ ಪ್ರತ್ಯೇಕವಾದ ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ, ಎಂಬ ಸರಳವಾದ ಏರ್ಪಾಡನ್ನು ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಕೈಗೊಂಡರು. ವಿಕ್ರೋಳಿಯ ಕಾರ್ಖಾನೆಯು ಅಷ್ಟೊಂದು ಪೆಟ್ಟಿಗೆಗಳನ್ನು ಮಾಡಬೇಕಾದದ್ದು ಈ ಕಾರಣದಿಂದಲೇ. 1951ರ ಅಕ್ಟೋಬರಿನಲ್ಲಿ ಹಿಮಾಚಲದಲ್ಲಿ ಮೊದಲಾದ ಮತದಾನವು 1952ರ ಫೆಬ್ರವರಿಯಲ್ಲಿ ಮುಗಿಯಿತು. ಸಿದ್ಧಾಂತವು ಸೋತು ಪೆಟ್ಟಿಗೆಯು ಗೆದ್ದಿತು.

ಪೆಟ್ಟಿಗೆಗಿಂತಲೂ ಮುಂಚೆ ಒಂದು ಪಟ್ಟಿ ಬೇಕಾಗಿತ್ತಲ್ಲವೆ? ಈ ಪ್ರಶ್ನೆಯನ್ನು ಇತಿಹಾಸಜ್ಞರಾಗಲಿ ರಾಜ್ಯಶಾಸ್ತ್ರಜ್ಞರಾಗಲಿ ಬಹುಕಾಲ ಕೇಳಲೇ ಇಲ್ಲವೆಂಬುದು ಆಶ್ಚರ್ಯ. ಇಸ್ರೇಲಿನ ವಿದುಷಿ ಆರ್ನಿತ್ ಶಾನಿಯವರು 2018ರಲ್ಲಿ ಪ್ರಕಟಿಸಿದ ಗ್ರಂಥವು ಇದಕ್ಕೆ ಸಮಾಧಾನ ಹೇಳಿದೆ. ಸಂವಿಧಾನವು ಅಂಗೀಕಾರವಾಗುವುದಕ್ಕೆ ಎರಡು ವರ್ಷ ಮೊದಲೇ, 1947ರ ಅಂತ್ಯದಲ್ಲಿಯೇ, ಸಂವಿಧಾನಸಭೆಯ ಸಚಿವಾಲಯವು ವಯಸ್ಕ ಮತದಾರರ ಪಟ್ಟಿಯ ಸಿದ್ಧತೆಗೆ ತೊಡಗಿದ್ದಿತು. ಆಗಿನ್ನೂ ಪೌರತ್ವದ ವಿಧಿಗಳೇ ನಿಶ್ಚಯವಾಗಿರಲಿಲ್ಲ. ದೇಶವಿಭಜನೆಯಿಂದ ನೆಲೆತಪ್ಪಿ ಬಂದ ನಿರಾಶ್ರಿತರು, ಊರೂರಿನ ಸಂಘಸಂಸ್ಥೆಗಳು, ಹೆಸರಿಲ್ಲದ ಸಾಮಾನ್ಯರು ಆ ಸಚಿವಾಲಯಕ್ಕೆ ಕಾಗದ ಬರೆದು ಬರೆದು ತಮ್ಮ ಹಕ್ಕನ್ನು ಕೇಳಿದರು. ಅಧಿಕಾರಿಗಳು ಉತ್ತರ ಬರೆಯುತ್ತ ಬರೆಯುತ್ತ ಪ್ರಜಾಪ್ರಭುತ್ವವನ್ನು ಕಲಿತರು. ಕಡತಗಳ ಈ ಶುಷ್ಕ ಕಥೆಯಲ್ಲಿ ಶಾನಿಯವರು ಒಂದು ಮಹಾಕಾವ್ಯದ ಎಳೆಯನ್ನೇ ಕಂಡಿದ್ದಾರೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆ ಸಂವಿಧಾನಸಭೆಗೆ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು. ಮುಂದೆ ಭದ್ರತಾಮಂಡಲಿಯಲ್ಲಿ ಭಾರತದ ಪ್ರತಿನಿಧಿಯಾಗಿ ಕುಳಿತು, ಬಳಿಕ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಈ ಮಹನೀಯರನ್ನು ನಮ್ಮ ಕರಾವಳಿಯವರೇ ಮರೆತಿದ್ದಾರೆ.

ಆದರೂ ಆ ಪಟ್ಟಿಯು ಪೂರ್ಣವಾಗಲಿಲ್ಲ. ಉತ್ತರದ ಪ್ರಾಂತಗಳಲ್ಲಿ ಲಕ್ಷೋಪಲಕ್ಷ ಸ್ತ್ರೀಯರು ಪರಪುರುಷನ ಮುಂದೆ ತಮ್ಮ ಹೆಸರನ್ನು ಹೇಳಲೊಪ್ಪದೆ ಇಂತಹವನ ತಾಯಿ, ಇಂತಹವನ ಹೆಂಡತಿ ಎಂದಷ್ಟೇ ಬರೆಸಿದರು. ಸೇನರು ಇದಕ್ಕೆ ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು, ಅಥವಾ ಹೆಸರಿಲ್ಲದಿರುವಿಕೆಗಳು, ಪಟ್ಟಿಯಿಂದ ಬಿದ್ದುಹೋದವು. ಅವರ ನಿಷ್ಠುರತೆಯನ್ನು ಅನ್ಯಾಯವೆಂದು ಬಗೆಯುವವರಿದ್ದಾರೆ. ಮುಂದಿನ ಚುನಾವಣೆಗೆ ಸ್ತ್ರೀಯು ತನ್ನ ಹೆಸರಿನಿಂದಲೇ ಬರುವಂತೆ ಮಾಡಿದ ನಿಷ್ಠುರತೆ ಅದೆಂದು ನಾನು ಬಗೆಯುತ್ತೇನೆ. ಪಟ್ಟಿಯ ಪರಿಷ್ಕರಣೆಯು ಇಂದಿಗೂ ಕಲಹದ ವಿಷಯವೇ: 2025ರಲ್ಲಿ ಬಿಹಾರದಿಂದ ಆರಂಭವಾದ ವಿಶೇಷ ತೀವ್ರ ಪರಿಷ್ಕರಣೆಯು ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿದ್ದನ್ನು ವಾಚಕರು ಬಲ್ಲರು.

ಇನ್ನು ಪೆಟ್ಟಿಗೆಯಿಂದ ಹೊರಬರುವ ಪ್ರತಿನಿಧಿಯ ವಿಚಾರ. ಪ್ರತಿನಿಧಿಯೆಂದರೆ ಯಾರು? ನನ್ನನ್ನು ಹೋಲುವವನೋ, ನನಗಾಗಿ ದುಡಿಯುವವನೋ? 1967ರಲ್ಲಿ ಹಾನ್ನಾ ಪಿಟ್ಕಿನ್ ಎಂಬ ವಿದುಷಿಯು ಈ ಎರಡರ ನಡುವಿನ ಅಂತರವನ್ನು ಬಿಡಿಸಿ ಬರೆದ ಮೇಲೆ ಈ ವಿಷಯದಲ್ಲಿ ಬರೆಯುವವರೆಲ್ಲರೂ ಆಕೆಯ ಋಣಿಗಳೇ. ಭಾರತದಲ್ಲಿ ಈ ಪ್ರಶ್ನೆಯು ಗ್ರಂಥಕ್ಕಿಂತ ಮೊದಲು ಬದುಕಿನಲ್ಲಿ ಎದ್ದಿತ್ತು. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ವಾದಿಸಿದ ಅಂಬೇಡ್ಕರರು 1932ರ ಪುಣೆ ಒಪ್ಪಂದದಲ್ಲಿ ಸಂಯುಕ್ತ ಕ್ಷೇತ್ರದೊಳಗಿನ ಮೀಸಲು ಸ್ಥಾನಗಳಿಗೆ ಸಮ್ಮತಿಸಬೇಕಾಯಿತು; ಇಪ್ಪತ್ತು ವರ್ಷಗಳ ಅನಂತರ, ವಿಕ್ರೋಳಿಯ ಪೆಟ್ಟಿಗೆಗಳು ದೇಶವನ್ನೆಲ್ಲ ಸುತ್ತಿದ ಆ ಪ್ರಥಮ ಚುನಾವಣೆಯಲ್ಲಿ, ಇದೇ ಮುಂಬಯಿಯ ಉತ್ತರ ಕ್ಷೇತ್ರದ ಮೀಸಲು ಸ್ಥಾನದಲ್ಲಿಯೇ ಅವರು ಕಾಂಗ್ರೆಸಿನ ಕಾಜರೋಳ್ಕರರ ಎದುರು ಸೋತರು. ಸಂವಿಧಾನವನ್ನು ಬರೆದವನಿಗೆ ಸಂವಿಧಾನವು ಕೊಟ್ಟ ಮತಪೆಟ್ಟಿಗೆಯು ಒಲಿಯಲಿಲ್ಲ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆ ಎಂಬ ವೈರುಧ್ಯದೊಳಕ್ಕೆ ದೇಶವು ಕಾಲಿಡುತ್ತಿದೆಯೆಂದು 1949ರ ನವೆಂಬರ್ 25ರಂದು ಅವರು ಎಚ್ಚರಿಸಿದ್ದುದನ್ನು ನೆನೆದರೆ, ಆ ಸೋಲು ಅವರ ಭಾಷಣಕ್ಕೆ ವಿಧಿಯು ಬರೆದ ಟಿಪ್ಪಣಿಯಂತೆ ತೋರುತ್ತದೆ. ಮೀಸಲು ಕ್ಷೇತ್ರಗಳ ದೀರ್ಘ ಚರಿತ್ರೆಯನ್ನು ಪರಿಶೀಲಿಸಿದ ಫ್ರಾನ್ಸೆಸ್ಕಾ ಜೆನ್ಸೀನಿಯಸ್ 2017ರಲ್ಲಿ, ಇವುಗಳಿಂದ ಪರಿಶಿಷ್ಟರ ನಡುವೆ ಒಂದು ರಾಜಕೀಯ ವರ್ಗವು ಮೂಡಿ ಬಂದಿತಾದರೂ ಆ ಕ್ಷೇತ್ರಗಳ ಪರಿಶಿಷ್ಟರ ಬಾಳುವೆಯು ಇತರ ಕ್ಷೇತ್ರಗಳಿಗಿಂತ ವಿಶೇಷವಾಗಿ ಸುಧಾರಿಸಲಿಲ್ಲವೆಂಬ ನಿರ್ಣಯಕ್ಕೆ ಬಂದಿದ್ದಾರೆ.

ಹೋಲಿಕೆಯೇ ಪ್ರಾತಿನಿಧ್ಯವೆನ್ನುವವರಿಗೆ ಜಾರ್ಜ್ ಫರ್ನಾಂಡಿಸರ ಜೀವನವು ಒಂದು ದೊಡ್ಡ ತೊಡಕು. ಮಂಗಳೂರಿನಲ್ಲಿ ಹುಟ್ಟಿ, ಬರಿಗೈಯಲ್ಲಿ ಮುಂಬಯಿಗೆ ಬಂದು, ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ಕಾರ್ಮಿಕರನ್ನೂ ಸಂಘಟಿಸಿದ ಈತನು 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರೆಂಬ ಕಾಂಗ್ರೆಸಿನ ಮಹಾಮಲ್ಲನನ್ನು ಕೆಡವಿದನು. ಹತ್ತು ವರ್ಷಗಳ ಅನಂತರ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರವನ್ನು ಗೆದ್ದನು. 1984ರಲ್ಲಿ ತವರುರಾಜ್ಯದ ಬೆಂಗಳೂರು ಉತ್ತರದಲ್ಲಿ ನಿಂತು ಸೋತನು. ವಿಶೇಷವೆಂದರೆ ಪಾಟೀಲರ ಪರಾಭವಕ್ಕೆ ಕೇವಲ ಎಂಟು ತಿಂಗಳು ಮೊದಲು, 1966ರ ಜೂನ್‌ನಲ್ಲಿ, ದಾಕ್ಷಿಣಾತ್ಯರ ವಿರುದ್ಧ ಭೂಮಿಪುತ್ರರ ಪಕ್ಷವೆಂದು ಶಿವಸೇನೆಯು ಇದೇ ನಗರದಲ್ಲಿ ಸ್ಥಾಪಿತವಾಗಿದ್ದಿತು. ಆ ದಿನಗಳಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದ ಸದ್ದನ್ನು ಕೇಳಿದವರು ಇನ್ನೂ ಕೆಲವರಿದ್ದಾರೆ. ಮೇರಿ ಕ್ಯಾಟ್ಸೆನ್‌ಸ್ಟೈನ್, ದೀಪಂಕರ ಗುಪ್ತ, ಥಾಮಸ್ ಬ್ಲೊಮ್ ಹಾನ್ಸೆನ್ ಮೊದಲಾದವರು ಈ ಪಕ್ಷವನ್ನು ಕುರಿತು ಬರೆದ ಗ್ರಂಥಗಳಲ್ಲಿ ಉದ್ಯೋಗ, ಭಾಷೆ, ಅಭಿಮಾನ, ಬೀದಿಯ ಬಲ ಇವುಗಳ ಸಮ್ಮಿಶ್ರಣವು ಚೆನ್ನಾಗಿ ವಿಶ್ಲೇಷಿತವಾಗಿದೆ. ಆದರೆ ಅದೇ ದಕ್ಷಿಣದವರ ಮಕ್ಕಳು ಮುಂದೆ ನಗರಸೇವಕರಾಗಿ, ಶಾಸಕರಾಗಿ, ಉತ್ತರ ಮುಂಬಯಿಯಿಂದ ಲೋಕಸಭೆಗೆ ಆರಿಸಿಹೋದ ಗೋಪಾಲ ಶೆಟ್ಟರಂತೆ ಸಂಸದರೂ ಆಗಿ ಈ ನಗರದ ರಾಜಕೀಯದೊಳಗೆ ಕರಗಿದ ಬಗೆಯನ್ನು ಬರೆಯತಕ್ಕ ಗ್ರಂಥಕಾರನು ಇನ್ನೂ ಹುಟ್ಟಬೇಕಾಗಿದೆ. ಅವನು ಕನ್ನಡದಲ್ಲಿ ಬರೆದರೆ ಇನ್ನೂ ಸಂತೋಷ.

ಸ್ತ್ರೀಪ್ರಾತಿನಿಧ್ಯದ ವಿಷಯದಲ್ಲಿ ಮುಂಬಯಿ ನಗರಪಾಲಿಕೆಯೇ ಲೋಕಪ್ರಸಿದ್ಧವಾದ ಪ್ರಯೋಗಶಾಲೆಯಾಗಿದೆ. ಕರ್ನಾಟಕವು ಈ ದಾರಿಯಲ್ಲಿ ಮೊದಲೇ ಹೆಜ್ಜೆಯಿಟ್ಟಿತ್ತು. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ಬಂದ 1983ರ ಕಾಯಿದೆಯು ಸ್ತ್ರೀಯರಿಗೆ ಕಾಲುಭಾಗವನ್ನು ಕಾದಿರಿಸಿ, 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸರನ್ನು ಹಳ್ಳಿಯ ಜಗಲಿಯಿಂದ ಮಂಡಲ ಪಂಚಾಯತಿಯ ಕುರ್ಚಿಗೆ ಕರೆತಂದಿತು. ಮುಂಬಯಿಯಲ್ಲಿ ಸ್ತ್ರೀ ಮೀಸಲಾತಿ ಬಂದದ್ದು 1992ರ ಚುನಾವಣೆಯಿಂದ. ಯಾವ ವಾರ್ಡು ಮೀಸಲಾಗಬೇಕೆಂಬುದನ್ನು ಚೀಟಿಯೆತ್ತಿ ನಿಶ್ಚಯಿಸುತ್ತಿದ್ದುದರಿಂದ, ಮೀಸಲಾದ ವಾರ್ಡಿಗೂ ಆಗದ ವಾರ್ಡಿಗೂ ಅದೃಷ್ಟದ ಹೊರತು ಬೇರೆ ವ್ಯತ್ಯಾಸವಿರಲಿಲ್ಲ. ವಿಜ್ಞಾನಿಯು ತನ್ನ ಪ್ರಯೋಗಕ್ಕೆ ಬಯಸುವುದೂ ಇದನ್ನೇ. ಮೀಸಲಾತಿಯು ಚಕ್ರದಂತೆ ಸುತ್ತಿ ಬೇರೆಡೆಗೆ ಹೋದ ಮೇಲೆ ಏನಾಯಿತೆಂದು ರಿಖಿಲ್ ಭಾವ್ನಾನಿಯವರು 2009ರ ಲೇಖನವೊಂದರಲ್ಲಿ ಲೆಕ್ಕಹಾಕಿದರು: ಹಿಂದಿನ ಚುನಾವಣೆಯಲ್ಲಿ ಮೀಸಲಾಗಿದ್ದು ಈಗ ಮುಕ್ತವಾದ ವಾರ್ಡುಗಳಲ್ಲಿ ಸ್ತ್ರೀಯೊಬ್ಬಳು ಗೆಲ್ಲುವ ಸಂಭವವು, ಆಗ ಮೀಸಲಾಗಿರದ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಅಧಿಕವಾಗಿದ್ದಿತು. ಹೆಂಡತಿಯ ಹೆಸರಿನಲ್ಲಿ ಗಂಡನೇ ಆಳುತ್ತಾನೆಂಬ ಹಾಸ್ಯವನ್ನು ನಾವೆಲ್ಲರೂ ಕೇಳಿದ್ದೇವೆ, ಆಡಿಯೂ ಇದ್ದೇವೆ. ಆ ಹಾಸ್ಯದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಆದರೆ ಒಮ್ಮೆ ತೆರೆದ ಬಾಗಿಲು ಚಿಲಕ ತೆಗೆದವನ ಇಷ್ಟದಂತೆ ಮತ್ತೆ ಮುಚ್ಚಿಕೊಳ್ಳುವುದಿಲ್ಲವೆಂಬುದನ್ನು ಆ ಐದು ಪಟ್ಟು ಎಂಬ ಅಂಕೆಯು ತೋರಿಸಿತು. ಬಂಗಾಳ ಮತ್ತು ರಾಜಸ್ಥಾನದ ಪಂಚಾಯತಿಗಳನ್ನು ನೋಡಿದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ದುಫ್ಲೋ ಇವರೂ 2004ರಲ್ಲಿ, ಸ್ತ್ರೀ ಅಧ್ಯಕ್ಷೆಯರಿದ್ದಲ್ಲಿ ಕುಡಿಯುವ ನೀರಿಗೆ ಹೆಚ್ಚಿನ ಹಣ ಸಂದಿತೆಂದು ಕಂಡುಕೊಂಡಿದ್ದರು.

ನೀರಿನ ಮಾತು ಬಂದದ್ದರಿಂದ ಬಡವರ ಮತದ ವಿಚಾರಕ್ಕೆ ಹೊರಳುವುದು ಸುಲಭವಾಯಿತು. ಅಮೆರಿಕದಲ್ಲಿ ಸಿರಿವಂತನು ಹೆಚ್ಚಾಗಿ ಮತ ಹಾಕುತ್ತಾನೆ, ಬಡವನು ಕಡಮೆ. ಅಲ್ಲಿಯ ಶಾಸನಸಭೆಗಳು ಸಿರಿವಂತನ ಮಾತನ್ನೇ ಕೇಳುತ್ತವೆಂದು ಲ್ಯಾರಿ ಬಾರ್ಟೆಲ್ಸ್, ಮಾರ್ಟಿನ್ ಗಿಲೆನ್ಸ್ ಮೊದಲಾದವರು ಸಾಧಿಸಿದ್ದಾರೆ. ಭಾರತದಲ್ಲಿ ಮತಗಟ್ಟೆಯ ಸಾಲು ಇದಕ್ಕೆ ವಿಪರೀತ. ಕೆಳಗಿನ ಜಾತಿ ವರ್ಗಗಳ ಜನರು ಮೇಲಿನವರಷ್ಟೇ, ಕೆಲವೊಮ್ಮೆ ಅವರಿಗಿಂತಲೂ ಉತ್ಸಾಹದಿಂದ, ಮತ ಹಾಕುವುದನ್ನು ಯೋಗೇಂದ್ರ ಯಾದವರು ತೊಂಬತ್ತರ ದಶಕದ ಸಮೀಕ್ಷೆಗಳಲ್ಲಿ ಕಂಡು, ಅದನ್ನು ಪ್ರಜಾಪ್ರಭುತ್ವದ ಎರಡನೆಯ ಉಬ್ಬರವೆಂದು ಬಣ್ಣಿಸಿದರು. ಅದಕ್ಕೂ ಮುಂಚೆ ನಮ್ಮ ಎಂ. ಎನ್. ಶ್ರೀನಿವಾಸರು ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಕುಳಿತು, ಗೌಡನ ಮಾತಿನಂತೆ ಬೀಳುವ ಮತಗಳನ್ನು ನೋಡಿ ‘ವೋಟ್ ಬ್ಯಾಂಕ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟಿದ್ದರು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಘುರ್ಯೆಯವರ ಶಿಷ್ಯರಾಗಿದ್ದ ಆ ಮೈಸೂರಿಗರ ಪದವು ಇಂದು ಪ್ರತಿದಿನವೂ ವೃತ್ತಪತ್ರಿಕೆಗಳಲ್ಲಿ, ಅವರ ಹೆಸರಿಲ್ಲದೆ, ಅವರು ಹೇಳಿದ ಅರ್ಥವೂ ಇಲ್ಲದೆ ಬಳಕೆಯಾಗುತ್ತಿದೆ. ಬಡವನು ಏಕೆ ಮತ ಹಾಕುತ್ತಾನೆಂದು ಊರೂರಿಗೆ ಹೋಗಿ ಕೇಳಿದ ಮುಕುಲಿಕಾ ಬ್ಯಾನರ್ಜಿಯವರಿಗೆ ದೊರೆತ ಉತ್ತರದ ಸಾರ ಸರಳವಾದುದು: ಆ ಒಂದು ದಿನ, ಆ ಒಂದು ಸಾಲಿನಲ್ಲಿ, ಒಡೆಯನೂ ಆಳೂ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಇದು ಲಾಭದ ಲೆಕ್ಕವಲ್ಲ, ಮಾನದ ಲೆಕ್ಕ.

ಹಾಗಾದರೆ ಬಹುಸಂಖ್ಯಾತರಾದ ಬಡವರು ಮತ ಹಾಕಿಯೂ ಅಸಮಾನತೆಯು ಕರಗಲಿಲ್ಲವೇಕೆ? ಬಹುಮತವು ಬಡವರದಾದಲ್ಲಿ ಸಂಪತ್ತು ತಾನಾಗಿಯೇ ಮರುಹಂಚಿಕೆಯಾಗುವುದೆಂದು 1981ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಗಣಿತದಿಂದ ಸಾಧಿಸಿ ತೋರಿಸಿದರು. ಆ ಗಣಿತವು ವಿಕ್ರೋಳಿಯ ಪಶ್ಚಿಮದ ಗುಡ್ಡವನ್ನು ಹತ್ತಿ ನೋಡಿದ್ದರೆ ತನ್ನ ಸೂತ್ರವನ್ನು ತಿದ್ದಿಕೊಳ್ಳುತ್ತಿತ್ತೋ ಏನೋ. ಅಲ್ಲಿ ಪಾರ್ಕ್‌ಸೈಟ್, ಸೂರ್ಯನಗರ ಮುಂತಾದ ವಸತಿಗಳು ಇಳಿಜಾರಿಗೆ ಅಂಟಿಕೊಂಡು ಬೆಳೆದಿವೆ. 2021ರ ಜುಲೈ ತಿಂಗಳ ಒಂದು ರಾತ್ರಿಯ ಮಳೆಯಲ್ಲಿ ಸೂರ್ಯನಗರದ ಗುಡ್ಡ ಜರಿದು ಮನೆಗಳ ಮೇಲೆ ಬಿದ್ದು ಜನರು ಮಡಿದರು. ಅಲ್ಲಿಯ ನಿವಾಸಿಗಳು ಪ್ರತಿ ಚುನಾವಣೆಯಲ್ಲಿಯೂ ಸಾಲಿನಲ್ಲಿ ನಿಂತವರೇ. ಕಾನೂನಿನ ಕಣ್ಣಿಗೆ ಅವರು ಅರ್ಧ ಪೌರರು: ಮತಕ್ಕೆ ಅರ್ಹರು, ಮನೆಗೆ ಅನರ್ಹರು. ಪಾರ್ಥ ಚಟರ್ಜಿಯವರು 2004ರ ತಮ್ಮ ಗ್ರಂಥದಲ್ಲಿ ಇಂತಹ ಜನರ ರಾಜಕೀಯಕ್ಕೆ ‘ರಾಜಕೀಯ ಸಮಾಜ’ವೆಂಬ ಹೆಸರನ್ನಿಟ್ಟರು, ಹಕ್ಕಿನಿಂದ ದೊರೆಯದ್ದನ್ನು ಇವರು ಸಂಖ್ಯೆಯ ಬಲದಿಂದ, ಸಂಧಾನದಿಂದ, ಕಾಡಿ ಬೇಡಿ ಪಡೆಯುತ್ತಾರೆ. ಜೋಗೇಶ್ವರಿಯ ವಸತಿಗಳಲ್ಲಿ ನೀರಿನ ಕೊಳವೆಗಳ ಜಾಡನ್ನು ಹಿಡಿದು ಹೋದ ನಿಖಿಲ್ ಆನಂದರೂ, ಗೋವಂಡಿಯ ಶಿವಾಜಿನಗರ-ಬೈಂಗನವಾಡಿಯಲ್ಲಿ ಅದೇ ಕೆಲಸವನ್ನು ಮಾಡಿದ ಲೀಸಾ ಬ್ಯೋರ್ಕ್‌ಮನ್ನರೂ, ನಲ್ಲಿಯಲ್ಲಿ ಎಷ್ಟು ಹೊತ್ತು ನೀರು ಬರುವುದೆಂಬುದು ಜಲಾಶಯದ ಮಟ್ಟಕ್ಕಿಂತ ಹೆಚ್ಚಾಗಿ ವಾರ್ಡಿನ ಕಾರ್ಯಕರ್ತ, ಪ್ಲಂಬರ್, ಇಂಜಿನಿಯರು ಮತ್ತು ನಗರಸೇವಕ ಈ ನಾಲ್ವರ ಸಂಬಂಧಗಳನ್ನು ಅವಲಂಬಿಸಿದೆಯೆಂದು ಕಂಡರು. ಚುನಾವಣೆಯ ಹೊತ್ತಿನಲ್ಲಿ ಹಂಚಲ್ಪಡುವ ಹಣವನ್ನು ಕುರಿತು ಬ್ಯೋರ್ಕ್‌ಮನ್ ಹೇಳುವ ಮಾತು ನನಗೆ ಮೊದಲು ವಿಚಿತ್ರವೆನಿಸಿತ್ತು: ಹಣದಿಂದ ಮತವನ್ನು ಕೊಳ್ಳಲಾಗದು, ಹಣವು ಸಂಬಂಧದ ಗುರುತು ಮಾತ್ರ ಎಂದು ಆಕೆಯ ವಾದ. ಯೋಚಿಸಿದಷ್ಟೂ ಅದರಲ್ಲಿ ಹುರುಳಿದೆಯೆನ್ನಿಸುತ್ತದೆ. ಪೂರ್ತಿಯಾಗಿ ಒಪ್ಪುವಷ್ಟು ಭೋಳೆತನ ಮಾತ್ರ ನನ್ನಲ್ಲಿ ಉಳಿದಿಲ್ಲ.

ಇಲ್ಲಿ ಮತ್ತೆ ಆ ಪಟ್ಟಿಯೇ ಎದುರಾಗುತ್ತದೆ. ಮಹಾರಾಷ್ಟ್ರದ ಜೋಪಡಿ ಪುನರ್ವಸತಿ ಯೋಜನೆಯಲ್ಲಿ, ಮೊದಲು 1995ರ ಜನವರಿ 1, ಆಮೇಲೆ 2000ದ ಜನವರಿ 1, ಎಂದು ಗೊತ್ತುಮಾಡಿದ ತಾರೀಖಿಗೆ ಮುಂಚಿನಿಂದ ಅಲ್ಲಿಯೇ ವಾಸವಾಗಿದ್ದವನಿಗೆ ಮಾತ್ರ ಪುಕ್ಕಟೆ ಮನೆಯ ಹಕ್ಕು. ಅದನ್ನು ಸಾಬೀತುಪಡಿಸುವ ಪುರಾವೆಗಳಲ್ಲಿ ಮುಖ್ಯವಾದುದು ಮತದಾರರ ಪಟ್ಟಿಯಲ್ಲಿರುವ ಹೆಸರು. ಹೀಗಾಗಿ ನಾಯಕರನ್ನು ಆರಿಸಲೆಂದು ಹುಟ್ಟಿದ ಪಟ್ಟಿಯು ಮುಂಬಯಿಯ ಗುಡಿಸಲುಗಳಲ್ಲಿ ಕ್ರಯಪತ್ರದ ಸ್ಥಾನವನ್ನು ಪಡೆಯಿತು. ಹಳೆಯ ಪಟ್ಟಿಯ ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ದೇವರ ಪಟದ ಹಿಂದೆ ಜೋಪಾನ ಮಾಡುವ ಮನೆಗಳನ್ನು ಕಂಡವರಿಗೆ, ಇಲ್ಲಿ ಮತವೆಂದರೇನೆಂದು ಬೇರೆ ವಿವರಿಸಬೇಕಾದುದಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಮುಂಬಯಿಯ ಉಚ್ಚ ನ್ಯಾಯಾಲಯವು 2014ರ ಡಿಸೆಂಬರಿನಲ್ಲಿ, ತಾರೀಖಿನ ಈಚೆಗೆ ಬಂದವನಿಗೂ ಬಾಯಾರಿಕೆಯುಂಟೆಂಬುದನ್ನು ಮನ್ನಿಸಿತು.

ಪಟ್ಟಿಯಲ್ಲಿ ಹೆಸರಿಲ್ಲದ, ಅಥವಾ ದೂರದೂರಿನ ಪಟ್ಟಿಯಲ್ಲಿ ಹೆಸರುಳ್ಳ, ವಲಸಿಗನ ಗತಿಯೇನು? ಇದು ನಮ್ಮವರ ಪ್ರಶ್ನೆ. ಮೊಗವೀರರು 1902ರಲ್ಲಿ, ಬಂಟರು 1927ರಲ್ಲಿ ಇಲ್ಲಿ ತಮ್ಮ ಸಂಘಗಳನ್ನು ಕಟ್ಟಿಕೊಂಡರು. ಹಗಲು ಹೋಟೆಲಿನ ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಮಾಲೀಕರಾದರು, ವಕೀಲರಾದರು. ಆದರೂ ಅವರಲ್ಲಿ ಎಷ್ಟೋ ಮಂದಿಯ ಹೆಸರು ದಶಕಗಳ ಕಾಲ ಊರಿನ ಪಟ್ಟಿಯಲ್ಲಿಯೇ ಇದ್ದು, ಚುನಾವಣೆಯೆಂದರೆ ರಾತ್ರಿ ಬಸ್ಸು ಹತ್ತಿ ಕಾಪು, ಕಾರ್ಕಳ, ಕುಂದಾಪುರಗಳಿಗೆ ಹೋಗಿಬರುವ ಒಂದು ಜಾತ್ರೆಯಾಗಿತ್ತು. ರಜೆ ಸಿಕ್ಕದ ಅಡಿಗೆಯವನೂ, ಕಲಬುರಗಿ ವಿಜಯಪುರಗಳ ಕಡೆಯಿಂದ ಬಂದ ಕಟ್ಟಡ ಕೂಲಿಯವನೂ ಆ ಜಾತ್ರೆಗೂ ಹೋಗಲಾರರು. ಇಂತಹವರ ಮಾತಿಗೆ ನಗರದ ಪ್ರತಿನಿಧಿಗಳು ಕಿವಿಗೊಡುತ್ತಾರೆಯೆ ಎಂದು ಪರೀಕ್ಷಿಸಲು ನಿಖರ್ ಗಾಯಕ್‌ವಾಡ್ ಮತ್ತು ಗ್ಯಾರೆಥ್ ನೆಲ್ಲಿಸ್ ಎಂಬ ವಿದ್ವಾಂಸರು ದೇಶದ ಹಲವು ನಗರಗಳ ನಗರಸೇವಕರಿಗೆ, ವಲಸಿಗನ ಹೆಸರಿನಲ್ಲಿಯೂ ಸ್ಥಳೀಯನ ಹೆಸರಿನಲ್ಲಿಯೂ, ಸಹಾಯ ಬೇಡುವ ಕಾಗದಗಳನ್ನು ಕಳುಹಿಸಿದರು. ಇಲ್ಲದವನ ಹೆಸರಿನಲ್ಲಿ ಕಾಗದ ಬರೆದು ನಗರಸೇವಕನ ಹೊತ್ತನ್ನು ಕಳೆಯುವುದು ಶಾಸ್ತ್ರಕ್ಕೆ ಶೋಭೆಯೆ ಎಂಬ ಸಂದೇಹವು ನನಗಿದೆ. ಅದಿರಲಿ. ವಲಸಿಗನಿಗೆ ಉತ್ತರ ಬಂದದ್ದು ಗಣನೀಯವಾಗಿ ಕಡಮೆ. ಅದಕ್ಕೆ ಮುಖ್ಯ ಕಾರಣ ಭಾಷೆಯ ದ್ವೇಷವಾಗಲಿ ಧರ್ಮದ ದ್ವೇಷವಾಗಲಿ ಅಲ್ಲ, ಇವನು ಇಲ್ಲಿಯ ಮತದಾರನಲ್ಲ ಎಂಬ ಊಹೆ. ಇದೇ ವಿದ್ವಾಂಸರು ದಿಲ್ಲಿ ಮತ್ತು ಲಖನೌಗಳಲ್ಲಿ ವಲಸಿಗರ ಮನೆಬಾಗಿಲಿಗೆ ಹೋಗಿ ಪಟ್ಟಿಯಲ್ಲಿ ಹೆಸರು ಸೇರಿಸಲು ನೆರವಾದಾಗ, ನೋಂದಣಿಯೂ ಮತದಾನವೂ ಏರಿದವು. ದೂರದಿಂದಲೇ ಊರಿನ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗವು 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತಾದರೂ ಅದು ಬಳಕೆಗೆ ಬರಲಿಲ್ಲ. ಬಾರದೇ ಇದ್ದುದರಿಂದ ನಷ್ಟವೇನೂ ಆಗಲಿಲ್ಲವೆಂದು ನನ್ನ ಮತ. ಕಾಪುವಿನ ಶಾಸಕನು ವಿಕ್ರೋಳಿಯ ಚರಂಡಿಯನ್ನು ದುರಸ್ತಿ ಮಾಡಿಸಲಾರ.

ದುರಸ್ತಿ ಮಾಡಿಸಬೇಕಾದವನೇ ಇಲ್ಲದ ಒಂದು ಕಾಲವನ್ನೂ ಮುಂಬಯಿ ಕಂಡಿತು. 227 ಸದಸ್ಯರ ನಗರಪಾಲಿಕೆಯ ಅವಧಿಯು 2022ರ ಮಾರ್ಚಿನಲ್ಲಿ ತೀರಿದ ಮೇಲೆ, ಮುಂದಿನ ಮತದಾನವು 2026ರ ಜನವರಿ 15ರಂದು ನಡೆಯುವವರೆಗೆ, ಸುಮಾರು ನಾಲ್ಕು ವರ್ಷಗಳು, ದೇಶದ ಅತ್ಯಂತ ಶ್ರೀಮಂತ ನಗರಪಾಲಿಕೆಯು ಆಡಳಿತಾಧಿಕಾರಿಯ ಕೈಯಲ್ಲಿದ್ದಿತು. ವಾರ್ಡುಗಳ ಸಂಖ್ಯೆ ಮತ್ತು ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯಗಳು ಕಾರಣವೆನ್ನಲಾಯಿತು. 1881ರಲ್ಲಿ ರಂಗಾಚಾರ್ಲು ದಿವಾನರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಕೂಡಿಸಿದಾಗ ಅದಕ್ಕೆ ಕೇಳುವ ಅಧಿಕಾರವಷ್ಟೇ ಇತ್ತು, ಆಳುವ ಅಧಿಕಾರವಿರಲಿಲ್ಲ. ಮುಂಬಯಿಯ ಪೌರನಿಗೆ ಈ ನಾಲ್ಕು ವರ್ಷಗಳಲ್ಲಿ ಅಂತಹ ಸಭೆಯೂ ಇರಲಿಲ್ಲ. ಎನ್ ಮತ್ತು ಎಸ್ ವಾರ್ಡುಗಳ ನಡುವೆ ಹಂಚಿಹೋದ ವಿಕ್ರೋಳಿಯವರು ದೂರು ಹೇಳಲು ನೇರವಾಗಿ ಕಚೇರಿಗೆ ಹೋದರು. ವಿದ್ವಾಂಸರ ಪ್ರಬಂಧಗಳು ಈ ಶೂನ್ಯಕಾಲವನ್ನು ಇನ್ನಷ್ಟೇ ಅಳೆಯಬೇಕಾಗಿದೆ.

ದೇಶದೊಳಗಿನ ಈ ಅಸಮಾನತೆಯ ನೆರಳು ದೇಶದೇಶಗಳ ನಡುವೆಯೂ ಬಿದ್ದಿದೆ. ಸುಕುಮಾರ ಸೇನರು 1953ರಲ್ಲಿ ಸೂಡಾನಿನ ಪ್ರಥಮ ಚುನಾವಣೆಯನ್ನು ನಡೆಸಿಕೊಟ್ಟು ಬಂದರು. ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿಯು 1962ರಿಂದ ನಮ್ಮ ಬೆರಳುಗಳನ್ನೂ, ಆಮೇಲೆ ಹೊರದೇಶಗಳವರ ಬೆರಳುಗಳನ್ನೂ ಗುರುತಿಸುತ್ತ ಬಂದಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮತಯಂತ್ರಗಳನ್ನು 2014ರಲ್ಲಿ ನಮೀಬಿಯ ಬಳಸಿತು. ಹೀಗೆ ಪ್ರಜಾಪ್ರಭುತ್ವದ ಸಾಮಗ್ರಿಯನ್ನು ಲೋಕಕ್ಕೆ ಒದಗಿಸಿದ ದೇಶದ ಬಗ್ಗೆ ಸ್ವೀಡನ್ನಿನ ಗೋಥೆನ್‌ಬರ್ಗಿನ ಸಂಶೋಧಕರು 2021ರಲ್ಲಿ, ಅದು ಚುನಾವಣೆಯುಳ್ಳ ನಿರಂಕುಶತೆಯ ವರ್ಗಕ್ಕೆ ಇಳಿದಿದೆಯೆಂದು ಬರೆದರು. ಭಾರತ ಸರಕಾರವು ಅದನ್ನು ಖಂಡಿಸಿತು. ಪರಿಣತರ ಅಭಿಪ್ರಾಯಗಳನ್ನು ಕೂಡಿಸಿ ಭಾಗಿಸಿ ಒಂದು ಅಂಕಿಯನ್ನು ತೆಗೆಯುವ ಈ ವಿಧಾನದಲ್ಲಿ ನನಗೆ ಪೂರ್ಣ ವಿಶ್ವಾಸವಿಲ್ಲ. ಆದರೆ ಅಂಕಿಯನ್ನು ಅಲ್ಲಗಳೆದ ಮಾತ್ರಕ್ಕೆ ಅದು ಎತ್ತಿದ ಪ್ರಶ್ನೆಗಳಿಗೆ ಉತ್ತರ ಹೇಳಿದಂತೆಯೂ ಆಗುವುದಿಲ್ಲ. ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡವೆಂಬ ಪ್ರಸಿದ್ಧ ಸಿದ್ಧಾಂತವು 1999ರ ಕಾರ್ಗಿಲ್ ಶಿಖರಗಳ ಮೇಲೆ ತಡವರಿಸಿದ್ದನ್ನು ನೋಡಿದ ನಾವು, ಸಿದ್ಧಾಂತವನ್ನು ಸ್ವಲ್ಪ ಉಪ್ಪು ಬೆರೆಸಿಯೇ ಸ್ವೀಕರಿಸುತ್ತೇವೆ.

ಇನ್ನೊಂದು ಲೆಕ್ಕವು ಬಾಗಿಲಲ್ಲಿ ಬಂದು ನಿಂತಿದೆ. ಲೋಕಸಭೆಯ ಸ್ಥಾನಗಳ ರಾಜ್ಯವಾರು ಹಂಚಿಕೆಯು 1971ರ ಜನಗಣತಿಗೆ ಕಟ್ಟುಬಿದ್ದಿದೆ. 1976ರಲ್ಲಿ ಹಾಕಿದ ಆ ಗಂಟನ್ನು 2001ರಲ್ಲಿ ಮತ್ತೆ ಬಿಗಿದು, 2026ರ ಅನಂತರದ ಮೊದಲ ಜನಗಣತಿಯವರೆಗೆ ಮುಂದೂಡಲಾಯಿತು. ಗಂಟನ್ನು ಬಿಚ್ಚಿದರೆ ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟುಕೊಂಡ ಕರ್ನಾಟಕದಂತಹ ರಾಜ್ಯಗಳ ಪಾಲು ಕುಗ್ಗುತ್ತದೆ. ಬಿಚ್ಚದಿದ್ದರೆ ಉತ್ತರದ ಒಬ್ಬ ಮತದಾರನ ಮತಕ್ಕೆ ದಕ್ಷಿಣದ ಮತದಾರನ ಮತದಷ್ಟು ಬೆಲೆಯಿರುವುದಿಲ್ಲ. ಎರಡು ಪಕ್ಷಗಳಲ್ಲಿಯೂ ನ್ಯಾಯವಿದೆ. ಕನ್ನಡಿಗನಾಗಿ ನನ್ನ ಮನಸ್ಸು ಒಂದು ಕಡೆಗೆ ವಾಲುತ್ತದೆ. ಕರ್ನಾಟಕದ 28 ಸ್ಥಾನಗಳನ್ನು ಎಣಿಸುವಾಗ ಉತ್ತರಪ್ರದೇಶದಿಂದ ಬಂದು ನಮ್ಮ ಕಾಲೋನಿಯ ದ್ವಾರದಲ್ಲಿ ಕಾವಲು ಕುಳಿತವನ ಮುಖವು ನೆನಪಿಗೆ ಬಂದು ಮನಸ್ಸು ಮತ್ತೆ ನೆಟ್ಟಗಾಗುತ್ತದೆ.

ಆತನ ಹೆಸರು ಯಾವ ಪಟ್ಟಿಯಲ್ಲಿದೆಯೆಂದು ನಾನು ಕೇಳಿಲ್ಲ. ಆದರೆ ಇದನ್ನು ಮುಂಬಯಿಯಲ್ಲಿ ಕುಳಿತು ಓದುವ ಕನ್ನಡಿಗರನ್ನು ಕೇಳಬಹುದು: ತಮ್ಮ ಹೆಸರು ಎಲ್ಲಿದೆ? 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಮೇರೆಗೆ, ಊರಿನಲ್ಲಿ ಸ್ವಂತ ಮನೆಯಿದೆಯೆಂಬ ಮಾತ್ರಕ್ಕೆ ಒಬ್ಬನು ಅಲ್ಲಿಯ ಸಾಮಾನ್ಯ ನಿವಾಸಿಯೆನಿಸುವುದಿಲ್ಲ. ಎರಡು ಕಡೆ ಹೆಸರಿರುವುದಕ್ಕೂ ಅವಕಾಶವಿಲ್ಲ. ಹೊಸದಾಗಿ ಸೇರುವವರಿಗೆ ಆರನೆಯ ನಮೂನೆ. ಊರಿನ ಪಟ್ಟಿಯಿಂದ ಹೆಸರನ್ನು ಇಲ್ಲಿಗೆ ತರಿಸಿಕೊಳ್ಳುವವರಿಗೆ ಎಂಟನೆಯ ನಮೂನೆ. ಅದಕ್ಕೆ ಶುಲ್ಕವಿಲ್ಲ.